ಸೂಟ್‌ಕೇಸಿನಲ್ಲಿ ಐದು ಡಬ್ಬಿಗಳು

ನಾರಾಯಣಖೇಡದ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಸೂಟ್‌ಕೇಸನ್ನು ಕಾಲಿನಿಂದ ಮೆಲ್ಲಗೆ ತಳ್ಳಿ, ಇದರೊಳಗೇನಿದೆ ಎಂದು ತೆಲುಗಿನಲ್ಲಿ ಕೇಳಿದ. ತೆರೆದು ತೋರಿಸಿದೆ. ಒಂದು ಹಲಗೆ, ಅದರ ಮೇಲೆ ಬಣ್ಣಬಣ್ಣದ ಐದು ಲೋಹದ ಡಬ್ಬಿಗಳು, ಒಂದೊಂದಕ್ಕೂ ತಿರುಪು, ಗುಂಡಿ, ಪುಟ್ಟ ಕೆಂಪು ದೀಪ, ನಡುನಡುವೆ ಹಾವಿನ ಮರಿಗಳಂತೆ ಕಪ್ಪು ತಂತಿ. ಅವನ ಮುಖದ ಬಣ್ಣ ಬದಲಾಯಿತು. ಗಾಬರಿಯಲ್ಲಿ ನಾನು ಮೊದಲು ಹೇಳಿದ ಮಾತು, "ನಾನು ಬ್ಯಾಂಕಿನವನು" ಎಂದು. ಆಮೇಲೆ ಹೇಳಿದ್ದು, "ಇದು ಗಿಟಾರಿನ ಸಾಮಾನು" ಎಂದು. ಎರಡಕ್ಕೂ ಏನು ಸಂಬಂಧವೆಂದು ಅವನಿಗೆ ತಿಳಿಯಲಿಲ್ಲ. ಲಗೇಜಿನ ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ನಿಮಗೂ ಹೇಳಬೇಕಲ್ಲ. ನಾನು ಜಹೀರಾಬಾದಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಹಗಲೆಲ್ಲ ಪಾಸ್‌ಬುಕ್ಕು, ಚಲನ್ನು. ರಜೆಯ ದಿನ ಮದುವೆ, ಗಣಪತಿ ಹಬ್ಬಗಳಲ್ಲಿ ನಾಲ್ಕೈದು ಜನ ಗೆಳೆಯರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತೇನೆ. ಬೀದರಿನಲ್ಲಿ ಬಿ.ಎ. ಓದುವಾಗ ಹಿಡಿದ ಹುಚ್ಚು. ಎಲೆಕ್ಟ್ರಿಕ್ ಗಿಟಾರಿನ ತಂತಿ ಅಲುಗಿದಾಗ ಅದರ ಕೆಳಗಿರುವ ಅಯಸ್ಕಾಂತದ ಪಿಕಪ್ ಆ ಅಲುಗಾಟವನ್ನು ವಿದ್ಯುತ್ತಾಗಿ ಮಾಡುತ್ತದೆ. ಆ ವಿದ್ಯುತ್ತು ಸ್ಪೀಕರನ್ನು ಮುಟ್ಟುವ ಮೊದಲು ದಾರಿಯಲ್ಲೇ ಅದನ್ನು ತಡೆದು, ಕಾಲಿನಿಂದ ಒತ್ತಿದರೆ ದನಿಯ ರೂಪ ಬದಲಿಸುವ ಡಬ್ಬಿಗೆ ಪೆಡಲ್ ಎನ್ನುತ್ತಾರೆ. ಒಂದು ದನಿಯನ್ನು ಒಡೆದು ಗರಗರ ಮಾಡುತ್ತದೆ, ಒಂದು ಮಾರ್ದನಿ ಕೊಡುತ್ತದೆ. ಈ ವಿದ್ಯೆ ಹುಟ್ಟಿದ್ದೇ ಒಂದು ಕೆಟ್ಟ ಯಂತ್ರದಿಂದ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡಿನ ಧ್ವನಿಮುದ್ರಣ ನಡೆದಾಗ ಮಿಕ್ಸರಿನ ಒಂದು ಭಾಗ ಹಾಳಾಗಿ ತಂತಿವಾದ್ಯದ ದನಿ ಒಡೆದುಹೋಯಿತು. 1961ರಲ್ಲಿ ಹಾಡು ಹೊರಬಂದಾಗ ಜನಕ್ಕೆ ಅದೇ ಹಿಡಿಸಿತು. ಮುದ್ರಣ ಮಾಡಿದ ಎಂಜಿನಿಯರನೇ ಆ ದನಿ ಕೊಡುವ ಡಬ್ಬಿಯನ್ನು ರೂಪಿಸಿದ. 1962ರಲ್ಲಿ ಅದು ಮ್ಯಾಸ್ಟ್ರೊ ಫಜ್-ಟೋನ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ನನ್ನಲ್ಲಿರುವುದು ಜಪಾನಿನ ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1. ಆ ಮಾದರಿ 1978ರಷ್ಟು ಹಳೆಯದು.

ಆದರೆ ಯಂತ್ರ ಕೆಟ್ಟಾಗಲೆಲ್ಲ ಒಳ್ಳೆಯದೇ ಆಗುವುದಿಲ್ಲ. 2022ರ ಬೇಸಿಗೆಯಲ್ಲಿ ನಾರಾಯಣಖೇಡದ ಹತ್ತಿರದ ಹಳ್ಳಿಯೊಂದರಲ್ಲಿ ಮದುವೆ. ನಮ್ಮ ಕಡೆಯ ಮದುವೆಯ ರಾತ್ರಿ ಹೇಗಿರುತ್ತದೆಂದರೆ, ಹತ್ತು ತೆಲುಗು ಹಾಡು, ಐದು ಹಿಂದಿ, ಒಂದೆರಡು ಮರಾಠಿ, ಯಾರಾದರೂ ಹಿರಿಯರು ನೆನಪಿಟ್ಟು ಕೇಳಿದರೆ ಒಂದು ಕನ್ನಡ. ಅಂದು ಕೇಳಿದವರು ಹುಡುಗಿಯ ಅಜ್ಜ. ಅವರು ಕೇಳಿದ್ದು 1981ರ 'ಗೀತಾ' ಚಿತ್ರದ, ಶಂಕರ್‌ನಾಗ್ ಗಿಟಾರ್ ಹಿಡಿದು ಕುಣಿಯುವ ಆ ಹಾಡನ್ನು. ಇಳಯರಾಜಾ ತಮಿಳರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ತೆಲುಗರು, ಆದರೂ ಅದಕ್ಕಿಂತ ಕನ್ನಡದ ಹಾಡು ನಮ್ಮ ಆರ್ಕೆಸ್ಟ್ರಾಗಳಿಗೆ ಇನ್ನೊಂದಿಲ್ಲ. ಗಡಿಯಲ್ಲಿ ಬಾಳುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಗ ನನಗೆ ಹಲಗೆ ಇರಲಿಲ್ಲ. ಡಬ್ಬಿಗಳು ಜಮಖಾನದ ಮೇಲೆ ಹರಡಿಕೊಂಡಿದ್ದವು, ಎಲ್ಲಕ್ಕೂ ಒಂದೇ ಅಡಾಪ್ಟರಿನಿಂದ ಕವಲೊಡೆದ ತಂತಿ. ನಾನು ಮೊದಲ ನಾಲ್ಕು ಸ್ವರ ಬಾರಿಸುವಷ್ಟರಲ್ಲಿ ಒಬ್ಬ ಹುಡುಗ ವೇದಿಕೆಗೆ ಅಡ್ಡ ಓಡಿದ. ಎಲ್ಲೋ ಒಂದು ಜಾಕ್ ಅರ್ಧ ಕಿತ್ತು ಬಂತು. ಕಡಜದ ಗೂಡಿಗೆ ಕಲ್ಲು ಬಿದ್ದಂತೆ ಗುಂಯ್ ಎಂಬ ಸದ್ದು, ಆಮೇಲೆ ಏನೂ ಇಲ್ಲ. ಐದು ಡಬ್ಬಿಗೆ ಹತ್ತು ತೂತು. ಕತ್ತಲಲ್ಲಿ ಯಾವುದೆಂದು ತಡಕಲಿ? ಡ್ರಮ್ಮಿನವನು ಸ್ವಲ್ಪ ಹೊತ್ತು ತಾಳ ಹಾಕಿ ನಿಲ್ಲಿಸಿದ. ನಿರೂಪಕ ಜನ ಏಳುವ ಮೊದಲೇ ಮುಂದಿನ ತೆಲುಗು ಹಾಡನ್ನು ಕರೆದ. ಊಟದ ಪಂಕ್ತಿಯಲ್ಲಿ ಅಜ್ಜ ನನ್ನ ಎದುರೇ ಕುಳಿತಿದ್ದರು. ಕ್ಷಮೆ ಕೇಳಿದೆ. "ಇರ್ಲಿ ಬಿಡ್ರಿ" ಎಂದರು.

ಆ ಎರಡು ಮಾತು ನನ್ನನ್ನು ಬಹಳ ದಿನ ಕಾಡಿತು. ಅಂಗಡಿಯ ಕನ್ನಡ ಹಲಗೆ ಹೋದಾಗಲೂ ಇರ್ಲಿ ಬಿಡ್ರಿ, ಮಕ್ಕಳಿಗೆ ಕನ್ನಡ ಓದಲು ಬಾರದಾದಾಗಲೂ ಇರ್ಲಿ ಬಿಡ್ರಿ. ನಾನಂತೂ ಹೋರಾಟಗಾರನಲ್ಲ, ಭಾಷಣ ಬರುವುದಿಲ್ಲ. ರಾತ್ರಿಗೆ ಒಂದೇ ಕನ್ನಡ ಹಾಡು ಸಿಗುವುದಾದರೆ ಆ ಒಂದು ಹಾಡಿನಲ್ಲಿ ತಂತಿ ಕಿತ್ತು ಬರಬಾರದು, ಅಷ್ಟನ್ನು ಮಾಡಬಹುದಿತ್ತು.

ಅಡುಗೆಮನೆಯ ಕಪಾಟು ಮಾಡಿಸಿದಾಗ ಉಳಿದ ಪ್ಲೈವುಡ್ ಇತ್ತು. ಎರಡು ಅಡಿ ಉದ್ದ, ಒಂದು ಅಡಿ ಅಗಲ ಕೊಯ್ಸಿದೆ. ಬಡಗಿಗೆ ಹೇಳಿ ಮಂಚದ ಪಟ್ಟಿಗಳಂತೆ ನಡುವೆ ಸಂದು ಬಿಡಿಸಿ, ಹಿಂದಿನ ಅಂಚನ್ನು ಎರಡು ಇಂಚು ಎತ್ತರಿಸಿದೆ. ತಂತಿಗಳು ಸಂದಿನಿಂದ ಇಳಿದು ಕೆಳಗೇ ಓಡಾಡುತ್ತವೆ, ಯಾರ ಕಾಲಿಗೂ ಸಿಗುವುದಿಲ್ಲ. ಡಬ್ಬಿಗಳ ಬುಡಕ್ಕೆ ಮಕ್ಕಳ ಬೂಟಿನಲ್ಲಿರುವ ವೆಲ್ಕ್ರೊ ಪಟ್ಟಿ ಅಂಟಿಸಿದರೆ ಸಾಕು, ಸೂಟ್‌ಕೇಸು ತಲೆಕೆಳಗಾದರೂ ಬೀಳುವುದಿಲ್ಲ.

ಇವೆಲ್ಲ ಒಂದು ದಿನದ ಕೆಲಸ. ಯಾವುದರ ನಂತರ ಯಾವುದು ಎಂಬುದಕ್ಕೆ ಎರಡು ವಾರ ಹಿಡಿಯಿತು. ನಮ್ಮ ಮನೆಗೆ ಹಾಸಿರುವುದು ನನ್ನ ಹೆಂಡತಿಯ ತವರಾದ ತಾಂಡೂರಿನ ನೀಲಿ ಕಲ್ಲು. ಅದರ ಮೇಲೆ ಸೀಮೆಸುಣ್ಣದಿಂದ ಹಲಗೆಯ ಅಳತೆ ಬರೆದುಕೊಂಡು ಡಬ್ಬಿಗಳನ್ನು ಚೌಕಾಬಾರದ ಕಾಯಿಗಳಂತೆ ನಡೆಸುತ್ತ ಕೂರುತ್ತಿದ್ದೆ. ಮಾರ್ದನಿಯನ್ನು ಮೊದಲಿಟ್ಟು ಗರಗರದ ಡಬ್ಬಿಯನ್ನು ಆಮೇಲಿಟ್ಟರೆ, ಮರಳಿ ಮರಳಿ ಬರುವ ದನಿಗಳೆಲ್ಲ ಒಟ್ಟಿಗೆ ಒಡೆದು ಗಂಜಿಯಾಗುತ್ತವೆ. ಗರಗರ ಮೊದಲು, ಮಾರ್ದನಿ ಆಮೇಲೆ ಇಟ್ಟರೆ ಒಂದೊಂದು ಸ್ವರವೂ ಬಿಡಿಯಾಗಿ ಹಿಂದಿರುಗುತ್ತದೆ. ಹೆಂಡತಿ ನೋಡುವಷ್ಟು ನೋಡಿ, "ಬ್ಯಾಳಿ ಬೇಯೋಕಿಂತ ಮೊದಲ ಒಗ್ಗರಣಿ ಹಾಕ್ತಾರೇನ್ರಿ?" ಎಂದಳು. ತಾಂಡೂರಿನವರಿಗೆ ತೊಗರಿಬೇಳೆಯ ಮಾತು ಬೇಗ ಹೊಳೆಯುತ್ತದೆ. 2022ರಲ್ಲಿ ಅಲ್ಲಿಯ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂದ ಮೇಲಂತೂ ಕೇಳುವುದೇ ಬೇಡ. ಕೊನೆಗೆ ನಿಂತ ಕ್ರಮ ಇದು: ಶ್ರುತಿ ನೋಡುವ ಡಬ್ಬಿ, ಗರಗರ, ದನಿಯನ್ನು ತೂಗಿಸುವ ಕೋರಸ್, ಮಾರ್ದನಿ, ದೊಡ್ಡ ಗುಡಿಯೊಳಗೆ ಹಾಡಿದಂತೆ ಮಾಡುವ ರಿವರ್ಬ್.

ಆದರೂ ಗುಂಯ್ ಹೋಗಲಿಲ್ಲ. ಬ್ಯಾಂಕಿನವನಲ್ಲವೇ, ಲೆಕ್ಕ ಹಾಕಿದೆ. ಎಲ್ಲವೂ 9 ವೋಲ್ಟಿನವು. ಬೇಕಾದ ವಿದ್ಯುತ್ತು ಶ್ರುತಿಗೆ 30 ಮಿಲಿಆಂಪಿಯರ್, ಗರಗರಕ್ಕೆ 10, ಕೋರಸ್ಸಿಗೆ 20, ಮಾರ್ದನಿಗೆ 60, ರಿವರ್ಬಿಗೆ 90. ಒಟ್ಟು 210. ಅಡಾಪ್ಟರ್ ಕೊಡುವುದು 500. ಖಾತೆಯಲ್ಲಿ ಬೇಕಾದಷ್ಟು ಹಣವಿದೆ, ಮತ್ತೇಕೆ ಜಗಳ? ಆಮೇಲೆ ತಿಳಿಯಿತು, ಅದು ಜಂಟಿ ಖಾತೆ. ಮಾರ್ದನಿ, ರಿವರ್ಬ್ ಎರಡೂ ಡಿಜಿಟಲ್, ಒಳಗೆ ಗಡಿಯಾರದಂತೆ ಸದಾ ಮಿಡಿಯುತ್ತಿರುತ್ತವೆ. ಆ ಮಿಡಿತ ಹಂಚಿಕೊಂಡ ತಂತಿಯ ಮೂಲಕ ಹಿಂದೆ ಹರಿದು ಗರಗರದ ಡಬ್ಬಿಗೆ ಸೇರುತ್ತದೆ. ಸಣ್ಣದನ್ನು ದೊಡ್ಡದು ಮಾಡುವುದೇ ಅದರ ಕಸುಬು. ಒಂದೊಂದು ಡಬ್ಬಿಗೂ ಪ್ರತ್ಯೇಕ ಖಾತೆ ತೆರೆಯುವ ಪವರ್ ಸಪ್ಲೈ ಬರುತ್ತದೆ. ತರಿಸಿದೆ. ಹಬ್ಬದ ಮುಂಗಡ ಅದಕ್ಕೇ ಹೋಯಿತು. ಹಾಕಿದ ರಾತ್ರಿ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಕೆಟ್ಟಿತೇನೋ ಎಂದು ಹೆದರಿ ತಂತಿ ಮೀಟಿ ನೋಡಿದೆ.

ಕತ್ತಲಲ್ಲಿ ಗುರುತಾಗಲೆಂದು ಡಬ್ಬಿಗಳಿಗೆ ಬಿಳಿ ಪಟ್ಟಿಯಲ್ಲಿ ಹೆಸರು ಬರೆಯಬೇಕಿತ್ತು. ಒಂಬತ್ತನೆಯ ತರಗತಿಯ ಮಗಳನ್ನು ಕೂರಿಸಿದೆ. ಅವಳದು ಇಂಗ್ಲಿಷ್ ಮಾಧ್ಯಮ, ಜೊತೆಗೆ ತೆಲುಗು. ಕನ್ನಡ ಬಾಯಿಗೆ ಮಾತ್ರ. ನಾನು ಹೇಳಿದೆ: ಶ್ರುತಿ, ಖಾರ, ಅಲೆ, ಮಾರ್ದನಿ, ಗವಿ. ಒಂದೊಂದು ಅಕ್ಷರವನ್ನೂ ಮೊಬೈಲಿನಲ್ಲಿ ನೋಡಿ ನೋಡಿ ಬರೆದಳು. ಕೊನೆಯ 'ಗವಿ' ಮಾತ್ರ ನೋಡದೆ ಬರೆದಳು, ಎರಡೂ ಲಿಪಿಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ಅಲ್ಲವೇ. ಗ ಅಕ್ಷರದ ತಲೆಕಟ್ಟು ಮಾತ್ರ ತೆಲುಗಿನದು ಬಂತು, ಸರಿ ಗುರುತು ಹಾಕಿದ ಹಾಗೆ. ನೋಡಿಯೂ ಸುಮ್ಮನಾದೆ.

2024ರ ಚಳಿಗಾಲದಲ್ಲಿ ಅದೇ ಮನೆಯಿಂದ ಕರೆ ಬಂತು, ಆ ಹುಡುಗಿಯ ಮಗುವಿನ ತೊಟ್ಟಿಲ ಕಾರ್ಯ. ಬಸ್ಸಿನಲ್ಲಿ ಕಂಡಕ್ಟರನಿಗೆ ಸೂಟ್‌ಕೇಸು ತೆರೆದು ತೋರಿಸಿದ್ದು ಆ ದಿನವೇ. ಅಜ್ಜ ಇದ್ದರು. ಇವರು ಶಾಲೆಗೆ ಸೇರಿದಾಗ ನಾರಾಯಣಖೇಡ ಬೀದರ ಜಿಲ್ಲೆಯ ತಾಲ್ಲೂಕು. ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ನಮ್ಮ ಜಹೀರಾಬಾದು, ನಾರಾಯಣಖೇಡ ಬೀದರದಿಂದಲೂ ತಾಂಡೂರು ಗುಲ್ಬರ್ಗದಿಂದಲೂ ಬೇರೆಯಾದವು. ಹಾಡು ಅವರು ಕೇಳುವ ಮೊದಲೇ ನಾನು ಶುರು ಮಾಡಿದೆ. ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಒಂದು ಚೂರೂ ತಪ್ಪಲಿಲ್ಲ. ಇಳಿದು ಬಂದಾಗ ಅವರು ಕೇಳಿದ್ದು, "ಹೋದ ಸಲ ನಡಕ ಒಂದು ಗುಂಯ್ ಅಂತಿತ್ತಲ್ಲ, ಅದೆಲ್ಲಿ ಹೋಯ್ತು?"

ನಗುತ್ತ ಹಲಗೆಯನ್ನು ಅವರ ಕುರ್ಚಿಯ ಬಳಿ ತಂದಿಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಶಾಲೆಯಲ್ಲಿ ಓದುವಂತೆ ಗಟ್ಟಿಯಾಗಿ ಒಂದೊಂದೇ ಹೆಸರು ಓದಿದರು. ಕೊನೆಯದರ ಮೇಲೆ ಬೆರಳು ನಿಂತಿತು. "ಇದರ ತಲಿಕಟ್ಟು ನಮ್ಮದಲ್ಲ. ಯಾರು ಬರ್ದಾರ?"

"ನನ್ನ ಮಗಳು."

ಅಂಗಿಯ ಜೇಬಿನಿಂದ ಪೆನ್ನು ತೆಗೆದು, "ಆಕಿನ್ನ ಒಮ್ಮೆ ಕರ್ಕೊಂಡು ಬರ್ರಿ" ಎಂದು ಹೇಳಿ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು. ಇನ್ನೂ ನಾಲ್ಕು ತೆಲುಗು ಹಾಡು ಬಾಕಿ ಇದ್ದವು. ಹಲಗೆ ಎತ್ತಿಕೊಂಡು ವೇದಿಕೆಗೆ ಹೋದೆ.