ಒಂದೆರಡು ಕಡೆ ಮಳೆ

ಚಳ್ಳಕೆರೆಯಲ್ಲಿ ಮೋಡಕ್ಕೆ ಬರವಿಲ್ಲ, ಬರವಿರುವುದು ಮಳೆಗೆ. ಹೊರಗಿನವರಿಗೆ ಇದನ್ನು ನಂಬಿಸುವುದು ಕಷ್ಟ. ಜೂನ್, ಜುಲೈ ತಿಂಗಳಲ್ಲಿ ನಮ್ಮೂರಿಗೆ ಬಂದು ನೋಡಿ. ಬೆಳಗಿನಿಂದ ಸಂಜೆಯವರೆಗೆ ಬೂದುಬಣ್ಣದ ಮೋಡಗಳು ಪಡುವಣದಿಂದ ಮೂಡಣಕ್ಕೆ ಓಡುತ್ತಲೇ ಇರುತ್ತವೆ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ! ಒಣಹಾಕಿದ ಸೀರೆ ಗಾಳಿಗೆ ಹಾರಿ ಪಕ್ಕದ ಮನೆಯ ತಾರಸಿ ಸೇರುತ್ತದೆ, ಹನಿ ಮಾತ್ರ ಬೀಳುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುವ ಮಳೆ ನಮ್ಮಲ್ಲಿ 500 ಮುಟ್ಟುವುದೇ ಕಷ್ಟ. ಕಡಲಿನಿಂದ ಹೊತ್ತು ತಂದ ನೀರನ್ನೆಲ್ಲ ಘಟ್ಟಕ್ಕೆ ಸುರಿದು, ಖಾಲಿ ಕೊಡ ಹಿಡಿದು ನಮ್ಮ ಬಾಗಿಲಿಗೆ ಬರುವ ಮೋಡಗಳಿವು. ಪಾಠದಲ್ಲಿ ನಮ್ಮದಕ್ಕೆ ಮಳೆನೆರಳಿನ ಪ್ರದೇಶ ಎಂದು ಹೆಸರು. ನೆರಳೆಂದರೆ ತಂಪು ಎಂದುಕೊಂಡಿರುವ ಮಕ್ಕಳಿಗೆ ಆ ಮಾತನ್ನು ಬಿಡಿಸಿ ಹೇಳಲು ಪ್ರತಿವರ್ಷ ನನಗೆ ಅರ್ಧ ಪೀರಿಯಡ್ ಬೇಕು.

ಮೋಡಗಳಿಗೆ ಶಾಸ್ತ್ರೀಯವಾಗಿ ಹೆಸರಿಟ್ಟವನು ಲಂಡನ್ನಿನ ಲ್ಯೂಕ್ ಹೋವರ್ಡ್, 1802ರಲ್ಲಿ. ವೃತ್ತಿಯಿಂದ ಅವನು ಔಷಧ ತಯಾರಿಸುವವನು, ಆಕಾಶ ನೋಡುವುದು ಹವ್ಯಾಸ. ಅವನ ಲ್ಯಾಟಿನ್ ಹೆಸರುಗಳು ನಮ್ಮ ಪುಸ್ತಕದಲ್ಲಿ ಪದರು ಮೋಡ, ರಾಶಿ ಮೋಡ, ಹಿಮಕಣ ಮೋಡ, ರಾಶಿವೃಷ್ಟಿ ಮೋಡ ಎಂದಾಗಿವೆ. ನನ್ನ ಮಕ್ಕಳು ಅವನಿಗೂ ಕಾಯುವುದಿಲ್ಲ, ಪುಸ್ತಕಕ್ಕೂ ಕಾಯುವುದಿಲ್ಲ. ಬಲು ಎತ್ತರದಲ್ಲಿ ಹಿಂಜಿದ ಅರಳೆಯಂತೆ ಎಳೆ ಎಳೆಯಾಗಿ ಕಾಣುವ ಹಿಮಕಣ ಮೋಡ ಅವರಿಗೆ ಅಜ್ಜಿ ಕೂದಲು. ಸಣ್ಣ ಸಣ್ಣ ಉಂಡೆಗಳು ಒತ್ತೊತ್ತಾಗಿ ನಿಂತರೆ ಕುರಿಮಂದೆ. ಕಂಬಳಿ ನೇಯುವ ಸೀಮೆಯ ಮಕ್ಕಳಿಗೆ ಬೇರೆ ಹೋಲಿಕೆ ಏಕೆ ಹೊಳೆಯಬೇಕು?

ಹಪ್ಪಳ ಸಂಡಿಗೆ ಮಾಡುವ ನಮಗೆ ಮುಖ್ಯವಾದದ್ದು ರಾಶಿ ಮೋಡ. ಬುಡ ಚಪ್ಪಟೆ, ಮೇಲೆ ಹೂಕೋಸಿನ ಹಾಗೆ ಗುಬುರು ಗುಬುರು. ಮಧ್ಯಾಹ್ನ ಅದು ಅಷ್ಟಕ್ಕೇ ನಿಂತರೆ ಹಪ್ಪಳಕ್ಕೆ ಭಯವಿಲ್ಲ. ಮೂರು ಗಂಟೆಯ ಹೊತ್ತಿಗೆ ಗೋಪುರದಂತೆ ಬೆಳೆದು, ನೆತ್ತಿ ಕಮ್ಮಾರರ ಅಡಿಗಲ್ಲಿನಂತೆ ಹರಡಿಕೊಂಡಿತೋ, ಹಪ್ಪಳ, ಮೆಣಸಿನಕಾಯಿ, ಆಡುವ ಮಗು ಎಲ್ಲವನ್ನೂ ಒಳಗೆ ತನ್ನಿ. ಅದು ಸಿಡಿಲಿನ ಮೋಡ, 12 ಕಿಲೋಮೀಟರಿಗೂ ಮೀರಿ ಏರಬಲ್ಲದು. ಬೈಯುವ ಹಾಗೂ ಇಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆಯಲ್ಲಿ ನಮ್ಮ ಕೆರೆಗಳಿಗೆ ಒಂದಿಷ್ಟು ನೀರು ತರುವುದೂ ಇದೇ.

ಹವಾಮಾನ ಇಲಾಖೆ ರೈತರಿಗಾಗಿ ಮಂಗಳವಾರ, ಶುಕ್ರವಾರ ಮುಂದಿನ 5 ದಿನಗಳ ಮುನ್ಸೂಚನೆ ಹೊರಡಿಸುತ್ತದೆ. ವಾರಕ್ಕೊಮ್ಮೆ ಅದನ್ನು ಮಕ್ಕಳ ಕೈಲಿ ಶಾಲೆಯ ಬೋರ್ಡಿನ ಮೇಲೆ ಬರೆಸುತ್ತೇನೆ. ‘ಒಂದೆರಡು ಕಡೆ ಹಗುರ ಮಳೆಯಾಗುವ ಸಂಭವವಿದೆ’ ಎಂಬ ಮಾತನ್ನು ನೀವೂ ಆಕಾಶವಾಣಿಯಲ್ಲಿ ಕೇಳಿ ನಕ್ಕಿರುತ್ತೀರಿ. ಎಲ್ಲೋ ಒಂದೆರಡು ಕಡೆ ಬಿದ್ದೇ ಬೀಳುತ್ತದಲ್ಲ, ಇದನ್ನು ಹೇಳಲು ಇಲಾಖೆ ಬೇಕೆ ಎಂದು! ಆದರೆ ಅದು ಜಾರಿಕೆಯ ಮಾತಲ್ಲ, ಲೆಕ್ಕದ ಮಾತು. ಒಂದು ಪ್ರದೇಶದಲ್ಲಿ ಮಳೆ ಅಳೆಯುವ ಕೇಂದ್ರಗಳು ನೂರಿದ್ದರೆ, ಹೆಚ್ಚೆಂದರೆ 25ರಲ್ಲಿ ಮಳೆಯಾದೀತು ಎಂದು ಅರ್ಥ. ಇನ್ನೊಂದು ಲೆಕ್ಕವೂ ಇದೆ. ದಿನಕ್ಕೆ 2.5 ಮಿಲಿಮೀಟರ್ ಬಿದ್ದರೆ ಇಲಾಖೆಗೆ ಅದು ಮಳೆಯ ದಿನ. ಹೊಲದವರಿಗೆ ಅಷ್ಟು ಸಾಲದು, ಅವರಿಗೆ ಬೇಕಾದದ್ದು ಹದ ಮಳೆ.

2023ರ ಜುಲೈಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಶಾಲೆಗೆ ಬಂದಳು. ನಾಲ್ಕೆಕರೆ ಹೊಲ. ಶೇಂಗಾ ಬೀಜ ಎಕರೆಗೆ 40-50 ಕಿಲೋ ಬೇಕು. ಅಷ್ಟನ್ನೂ ಅಂಗಡಿಯಿಂದ ಸಾಲಕ್ಕೆ ತಂದಿದ್ದಳು. ಹಿಂದಿನ ವಾರ ಬಿದ್ದ ಮಳೆಗೆ ನೆಲ ನೆನೆದಿತ್ತು. ಬಿತ್ತಿದರೆ ಮೊಳಕೆ ಬರುತ್ತದೆ, ಆಮೇಲೆ?

“ಮೇಡಮ್ಮೋರೇ, ಒಂದೆರಡು ಕಡೆ ಅಂತ ಬರ್ಸೀರಲ್ಲ, ಅದ್ರಾಗೆ ನಮ್ಮ ಹೊಲ ಸೇರೈತಾ?”

“ನೋಡಮ್ಮ, ಅದನ್ನ ಯಾರೂ ಹೇಳೋಕಾಗಲ್ಲ. ನೂರು ಕಡೆ ಮಳೆ ಅಳೆಯೋ ಡಬ್ಬಿ ಇಟ್ಟಿದ್ದಾರೆ ಅಂದ್ಕೋ. ಹೆಚ್ಚು ಅಂದ್ರೆ ಇಪ್ಪತ್ತೈದರಲ್ಲಿ ನೀರು ಬೀಳುತ್ತೆ ಅಂತ.”

“ಅಂದ್ರೆ ನಾಕ್ರಾಗೆ ಒಂದು.”

ಬಿ.ಎ., ಬಿ.ಎಡ್. ಮಾಡಿದ ನಾನು ಶೇಕಡಾ ಲೆಕ್ಕದಲ್ಲೇ ನಿಂತಿದ್ದೆ. ಶಾಲೆಯ ಮೆಟ್ಟಿಲು ಹತ್ತದವಳು ಅದನ್ನು ಭಿನ್ನರಾಶಿಗೆ ಇಳಿಸಿದ್ದಳು! ಸ್ವಲ್ಪ ಹೊತ್ತು ಬೋರ್ಡನ್ನೇ ನೋಡುತ್ತಾ ನಿಂತು, “ಎರಡೆಕರೆ ಬಿತ್ತುತೀನಿ. ಇನ್ನೆರಡರ ಬೀಜ ಅಟ್ಟದ ಮ್ಯಾಲಿರ್ಲಿ” ಎಂದು ಹೊರಟಳು. ಗಂಡ, ಮೈದುನ ಇಬ್ಬರೂ ನಾಲ್ಕೆಕರೆಯನ್ನೂ ಬಿತ್ತಬೇಕೆಂದು ಹಟ ಹಿಡಿದಿದ್ದರಂತೆ. ಮಗಳು ಮರುದಿನ ಹೇಳಿದಳು, ಮನೆಯಲ್ಲಿ ದೊಡ್ಡ ಜಗಳವಾಯಿತೆಂದು.

ಆಮೇಲೆ ಬಂದ ಆಗಸ್ಟ್ ಇಡೀ ದೇಶಕ್ಕೇ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿದರು. ಆ ಹುಡುಗಿಯ ಮೋಡದ ಪುಸ್ತಕದಲ್ಲಿ ದಿನವೂ ಒಂದೇ ಒಕ್ಕಣೆ: ರಾಶಿ ಮೋಡ, ಓಡಿದವು, ಮಳೆ ಇಲ್ಲ. ಬಿತ್ತಿದ ಎರಡೆಕರೆಯಲ್ಲಿ ದನಕ್ಕೆ ಹಾಕಲು ಒಂದಿಷ್ಟು ಬಳ್ಳಿ ಸಿಕ್ಕಿತು, ಅಷ್ಟೆ. ಅಟ್ಟದ ಮೇಲಿದ್ದ ಬೀಜವನ್ನು ಮಾರಿ ಅಂಗಡಿಯ ಸಾಲದಲ್ಲಿ ಅರ್ಧ ತೀರಿಸಿದರು. ಉಳಿದರ್ಧಕ್ಕೆ ಗಂಡ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ಹುಡುಗಿ ಶಾಲೆ ಬಿಡಲಿಲ್ಲ.

ಅವಳೀಗ ಕಾಲೇಜಿನಲ್ಲಿದ್ದಾಳೆ. ಬಿತ್ತನೆಯ ಕಾಲ ಬಂತೆಂದರೆ ಮಂಗಳವಾರ ಸಂಜೆ ತಾಯಿಯ ಫೋನು ತಪ್ಪುವುದಿಲ್ಲ.

“ಮೇಡಮ್ಮೋರೇ, ಈ ಸಲ ಎಷ್ಟು ಕಡೆ ಅಂತ ಬರ್ದವ್ರೆ?”