ಊಟದ ಮೇಜಿನಿಂದ ಬಜ್ಪೆಗೆ

ಗಲ್ಫಿನಲ್ಲಿರುವ ಮಕ್ಕಳನ್ನು ಬಜ್ಪೆ ವಿಮಾನ ನಿಲ್ದಾಣದಿಂದ ಎಷ್ಟು ಸಲ ಬೀಳ್ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೆ ವಿಮಾನ ನಡೆಸುವವರ ಕುರ್ಚಿಯಲ್ಲಿ ಕೂರುವ ಯೋಗ ನನಗೆ ಬಂದದ್ದು ಅರುವತ್ತಾರನೆಯ ವಯಸ್ಸಿನಲ್ಲಿ, ಅದೂ ಕಾಸರಗೋಡಿನ ನಮ್ಮ ಮನೆಯ ಊಟದ ಮೇಜಿನ ಮುಂದೆ! ರಜೆಗೆ ಬಂದ ಮೊಮ್ಮಗ ಕಂಪ್ಯೂಟರಿಗೆ ಜಾಯ್‌ಸ್ಟಿಕ್ ಜೋಡಿಸಿ, "ಅಜ್ಜಾ, ಎಲ್ಲಿಂದ ಎಲ್ಲಿಗೆ ಹೋಗೋಣ?" ಎಂದ. "ಬಜ್ಪೆಯಿಂದ ನಮ್ಮ ಮನೆಗೆ" ಎಂದೆ.

ಮೈಕ್ರೋಸಾಫ್ಟ್ ಕಂಪೆನಿಯ ಫ್ಲೈಟ್ ಸಿಮ್ಯುಲೇಟರ್ ಮೊದಲು ಬಂದದ್ದು 1982ರಲ್ಲಿ. ಆಗ ಪರದೆಯ ಮೇಲೆ ಕೆಲವು ಗೆರೆಗಳಷ್ಟೇ ಇದ್ದವಂತೆ. 2020ರ ಆವೃತ್ತಿಯಲ್ಲಿ ಉಪಗ್ರಹದ ಚಿತ್ರಗಳನ್ನು ಬಳಸಿ ಇಡೀ ಭೂಮಿಯನ್ನೇ ತೋರಿಸಿದ್ದಾರೆ. ನಮ್ಮ ತೆಂಗಿನ ತೋಟಗಳೂ ಅದರಲ್ಲಿ ಸೇರಿವೆ.

ಮೊಮ್ಮಗ ನನಗೆ ಕೊಟ್ಟದ್ದು ನಾಲ್ಕು ಜನ ಕೂರುವ ಸೆಸ್ನಾ 172. ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟ ಕೂಡಲೇ ವಿಮಾನ ಹಠಮಾರಿ ಎತ್ತಿನಂತೆ ಎಡಕ್ಕೆ ಎಳೆಯತೊಡಗಿತು. ಮುಂದಿನ ರೆಕ್ಕೆ ತಿರುಗುವ ರಭಸಕ್ಕೆ ಹಾಗಾಗುತ್ತದೆ, ಬಲಕ್ಕೆ ತಿದ್ದಿಕೊಳ್ಳಬೇಕು. 55 ನಾಟ್, ಅಂದರೆ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ ಬಂದಾಗ ಮೆಲ್ಲನೆ ಕಡ್ಡಿ ಎಳೆದೆ. ನೆಲ ಕೆಳಗೆ ಸರಿಯಿತು!

ಕೆಳಗೆ ಫಲ್ಗುಣಿ ನದಿ, ತಣ್ಣೀರುಬಾವಿ, ಮುಂದೆ ಕಡಲು. ಎಡಕ್ಕೆ ತಿರುಗಿದರೆ ಫಲ್ಗುಣಿಯೂ ನೇತ್ರಾವತಿಯೂ ಜೊತೆಯಾಗಿ ಸಮುದ್ರ ಸೇರುವ ಅಳಿವೆ. ಆಮೇಲೆ ಉಳ್ಳಾಲ, ಸೋಮೇಶ್ವರ, ತಲಪಾಡಿ. ಬಸ್ಸಿನಲ್ಲಿ ಹೋಗುವಾಗ ತಲಪಾಡಿ ಬಂತೆಂದರೆ ರಾಜ್ಯ ಬದಲಾಯಿತು, ಬೋರ್ಡಿನ ಭಾಷೆ ಬದಲಾಯಿತು ಎಂದು ಗೊತ್ತಾಗುತ್ತದೆ. ಮೇಲಿನಿಂದ ನೋಡಿದರೆ ಗಡಿಯ ಗುರುತೇ ಇಲ್ಲ. ಅದೇ ತೆಂಗು, ಅದೇ ಮರಳು, ಅದೇ ರೈಲುಹಳಿ. ಮಂಜೇಶ್ವರ, ಉಪ್ಪಳ, ಶಿರಿಯಾ ಹೊಳೆ, ಕುಂಬಳೆ, ಮೊಗ್ರಾಲ್ ಒಂದೊಂದಾಗಿ ಹಿಂದೆ ಸರಿದವು. ಬಸ್ಸಿಗೆ ಒಂದೂವರೆ ಗಂಟೆ ಬೇಕಾಗುವ ದಾರಿ ಕಾಲು ಗಂಟೆಯಲ್ಲಿ ಮುಗಿಯಿತು. ನಮ್ಮ ಮನೆ ಹುಡುಕಿದೆ. ಹಸಿರು ಬಿಟ್ಟು ಏನೂ ಕಾಣಲಿಲ್ಲ. ಚಂದ್ರಗಿರಿ ಹೊಳೆ ದಾಟಿ, ಬೇಕಲ ಕೋಟೆಗೆ ಒಂದು ಸುತ್ತು ಹಾಕಿ ಹಿಂದಿರುಗಿದೆ.

ಹಾರುವುದು ಸುಲಭ, ಇಳಿಯುವುದೇ ವಿದ್ಯೆ ಎಂದು ತಿಳಿದದ್ದು ಆಮೇಲೆ. ಬಂಟ್ವಾಳದ ಬಳಿ ನೇತ್ರಾವತಿ ದಾಟಿ, ಮೂಡುಬಿದಿರೆ ಕಡೆಯಿಂದ ಎಡಕ್ಕೆ ತಿರುಗಿ, ಕಡಲಿಗೆ ಮುಖಮಾಡಿ ಬಜ್ಪೆಗೆ ಬಂದೆ. ನಿಲ್ದಾಣವಿರುವುದು ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿ. 2006ರಲ್ಲಿ ಬಳಕೆಗೆ ಬಂದ ಈ ರನ್‌ವೇಯ ಉದ್ದ ಸುಮಾರು 8,000 ಅಡಿ. ಅದರ ಪಕ್ಕದಲ್ಲಿ ನಾಲ್ಕು ದೀಪಗಳಿವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ತೀರಾ ತಗ್ಗು, ನಾಲ್ಕೂ ಬಿಳಿಯಾದರೆ ತೀರಾ ಎತ್ತರ. ನನಗೆ ನಾಲ್ಕೂ ಬಿಳಿ!

ಬೇಗ ಇಳಿಯಲೆಂದು ಮೂತಿ ಕೆಳಗೆ ಮಾಡಿದೆ. ವೇಗ ಏರಿತು. 65 ನಾಟ್ ಇರಬೇಕಾದಲ್ಲಿ 100 ದಾಟಿತು. ಅಷ್ಟು ವೇಗವಿದ್ದರೆ ರೆಕ್ಕೆ ವಿಮಾನವನ್ನು ನೆಲಕ್ಕೆ ಬಿಡುವುದಿಲ್ಲ. ರನ್‌ವೇ ಸರಸರನೆ ಹಿಂದೆ ಸರಿಯುತ್ತಲೇ ಇತ್ತು. ಕೊನೆಗೆ ಚಕ್ರ ತಾಗಿ, ಪುಟಿದು, ಬ್ರೇಕಿನ ಗುಂಡಿ ಹುಡುಕುವಷ್ಟರಲ್ಲಿ ರನ್‌ವೇ ಮುಗಿದೇಹೋಯಿತು. ಪರದೆಯ ತುಂಬ ಕಣಿವೆ.

"ಪರವಾಗಿಲ್ಲ ಅಜ್ಜಾ, ಇನ್ನೊಮ್ಮೆ ಶುರು ಮಾಡೋಣ" ಎಂದು ಮೊಮ್ಮಗ ನಕ್ಕ. ನನಗೆ ನಗು ಬರಲಿಲ್ಲ.

2010ರ ಮೇ 22ರಂದು ಬೆಳಿಗ್ಗೆ ಇದೇ ರನ್‌ವೇಯ ಇದೇ ತುದಿಯಿಂದ ದುಬೈ ವಿಮಾನ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ ಉಳಿದವರು ಎಂಟೇ ಜನ. ಕಾಸರಗೋಡು ಕಡೆಯವರೂ ಹಲವರಿದ್ದರು. ಅಂದು ನಮ್ಮ ಬೀದಿಯಿಂದಲೂ ಬಂಧುವನ್ನು ಕರೆತರಲು ಮುಂಜಾನೆಯೇ ಒಂದು ಜೀಪು ಹೊರಟಿತ್ತು. ಅದು ಖಾಲಿಯಾಗಿ ಬಂತು. ವಿಮಾನ ಎತ್ತರದಿಂದ, ಹೆಚ್ಚು ವೇಗದಲ್ಲಿ ಬಂದು, 5,200 ಅಡಿಯಷ್ಟು ರನ್‌ವೇ ಕಳೆದ ಮೇಲೆ ನೆಲ ಮುಟ್ಟಿತ್ತೆಂದು ತನಿಖೆಯಲ್ಲಿ ಹೊರಬಂತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಲು ಸಹಪೈಲಟ್ ಮೂರು ಸಲ ಹೇಳಿದ್ದರಂತೆ. ಪತ್ರಿಕೆಯಲ್ಲಿ ಓದಿದಾಗ, ಹೇಳಿದರೂ ಕೇಳಲಿಲ್ಲವೇಕೆ ಎಂದು ಸಿಟ್ಟು ಬಂದಿತ್ತು. ಈಗ ಊಟದ ಮೇಜಿನ ಮುಂದೆ ಕುಳಿತ ನಾನೂ ಅದನ್ನೇ ಮಾಡಿದ್ದೆ. ನಿಲ್ದಾಣ ಕಣ್ಣೆದುರಿಗೇ ಇರುವಾಗ ಅದನ್ನು ಬಿಟ್ಟು ಹೋಗಲು ಮನಸ್ಸು ಒಪ್ಪುವುದೇ ಇಲ್ಲ.

ಮೊಮ್ಮಗನಿಗೆ ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದರೆ ಮೊದಲು ಇಳಿಯದೇ ಹೋಗುವುದನ್ನು ಕಲಿಯೋಣ ಅಜ್ಜಾ" ಎಂದ. ಎಂಜಿನ್ನಿಗೆ ಪೂರ್ತಿ ಶಕ್ತಿ ಕೊಡುವುದು, ಮೂತಿ ಎತ್ತುವುದು, ರೆಕ್ಕೆಯ ಫ್ಲ್ಯಾಪುಗಳನ್ನು ಹಂತಹಂತವಾಗಿ ಮಡಚುವುದು: ಇಷ್ಟನ್ನೇ ಆ ಸಂಜೆಯೆಲ್ಲ ಅಭ್ಯಾಸ ಮಾಡಿದೆವು.

ಮರುದಿನ ಮತ್ತೆ ಬಜ್ಪೆಗೆ ಬಂದೆ. ಈ ಸಲವೂ ನಾಲ್ಕು ಬಿಳಿ ದೀಪ. "ಅಜ್ಜಾ, ಮೇಲೆ!" ಎಂದ ಮೊಮ್ಮಗ. ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ರನ್‌ವೇಯನ್ನು ಕೆಳಗೆ ಬಿಟ್ಟು ಏರಿದೆ. ಮುಂದೆ ತಣ್ಣೀರುಬಾವಿ ಕಂಡಿತು. ಆ ದುರಂತದಲ್ಲಿ ಗುರುತು ಸಿಗದೆ ಉಳಿದವರು ಅಲ್ಲಿಯೇ, ಫಲ್ಗುಣಿಯ ದಂಡೆಯಲ್ಲಿ, ಮಣ್ಣಾಗಿದ್ದಾರೆ. ಅವರನ್ನು ನೆನೆದು ಒಂದು ದೊಡ್ಡ ಸುತ್ತು ಹಾಕಿದೆ.

ಮತ್ತೆ ಬಂದಾಗ ಎರಡು ಬಿಳಿ, ಎರಡು ಕೆಂಪು. ನಿಧಾನವಾಗಿ ಇಳಿದೆ.