ಅಮ್ಮನಿಗೆ ಗೊತ್ತಿಲ್ಲದ ಅಡುಗೆ

ರಾತ್ರಿ ಏಳೂವರೆಗೆ ಆಫೀಸಿಂದ ಮನೆ ಸೇರೋರಿಗೆ ಬೇಗ ಆಗೋ ಅಡುಗೆ ಅಂದ್ರೆ ಉಪ್ಪಿಟ್ಟು, ಚಿತ್ರಾನ್ನ. ಅದೂ ಬೇಜಾರಾದ್ರೆ ಫೋನಲ್ಲಿ ಆರ್ಡರ್. ನಮ್ಮನೇಲಿ ಬುಧವಾರ ಮಾತ್ರ ತರಕಾರಿ ಪಾಸ್ತಾ. ಬೇಗ ಆಗುತ್ತೆ ಅನ್ನೋದು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ನಮ್ಮಮ್ಮ.

ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಅಮ್ಮ ಅರಸೀಕೆರೆಯ ಮನೆಗೆ ಬೀಗ ಹಾಕಿ ಬೆಂಗಳೂರಿಗೆ, ನಮ್ಮ ಜೊತೆ ಇರೋಕೆ ಬಂದಳು. ಬಂದ ಮಾರನೇ ದಿನವೇ ಅಡುಗೆಮನೆ ಅವಳ ವಶವಾಯ್ತು. ನಾನು ಒಗ್ಗರಣೆಗೆ ಸಾಸಿವೆ ಹಾಕೋಕೆ ಹೋದ್ರೆ "ಎಣ್ಣೆ ಇನ್ನೂ ಕಾದಿಲ್ಲ, ನೀನು ಸರ್ಕೋ" ಅಂತ ಸೌಟು ಇಸ್ಕೊಳ್ತಿದ್ದಳು. ನನಗೂ ನನ್ನ ಗಂಡನಿಗೂ ಬಿಸಿಬಿಸಿ ಬಡಿಸಿ, ಕೊನೆಗೆ ತಳದಲ್ಲಿ ಉಳಿದ ಅನ್ನಕ್ಕೆ ಮಜ್ಜಿಗೆ ಸುರ್ಕೊಂಡು ನಿಂತಲ್ಲೇ ಊಟ ಮುಗಿಸೋಳು. "ಕೂತ್ಕೋ ಅಮ್ಮ" ಅಂದ್ರೆ "ನಂಗೆ ಹಸಿವಿಲ್ಲ ಕಣೇ." ಆರು ತಿಂಗಳಲ್ಲಿ ಅವಳ ರವಿಕೆಗಳಿಗೆ ಎರಡು ಸಲ ಹೊಲಿಗೆ ಹಿಡಿಸಿದ್ದಾಯ್ತು.

ಪಾಸ್ತಾ ವಿಷಯದಲ್ಲಿ ಮಾತ್ರ ಅವಳ ಹತ್ರ ಹೇಳೋಕೆ ಏನೂ ಇರಲಿಲ್ಲ. ಮೊದಲ ಸಲ ಪ್ಯಾಕೆಟ್ ಹಿಡ್ಕೊಂಡು, ಕನ್ನಡಕ ಹಾಕಿ ನೋಡಿ, "ಇದೇನೇ, ಸಂಡಿಗೇನಾ?" ಅಂದಳು. "ಡ್ಯೂರಮ್ ಅನ್ನೋ ಗಟ್ಟಿ ಗೋಧಿಯ ರವೆಯಿಂದ ಮಾಡಿದ್ದು. ನಿನ್ನ ಬನ್ಸಿ ರವೆನೂ ಅದೇ ಜಾತಿ ಗೋಧಿದು" ಅಂದೆ. "ಹಂಗಾದ್ರೆ ಉಪ್ಪಿಟ್ಟಿನ ನೆಂಟ" ಅಂತ ಪ್ಯಾಕೆಟ್ ವಾಪಸ್ ಕೊಟ್ಟು, ಸ್ಟೂಲ್ ಎಳ್ಕೊಂಡು ಕೂತಳು. ನಾನು ಅಡುಗೆ ಮಾಡ್ತಿರುವಾಗ ಅಮ್ಮ ಕೂತಿದ್ದು ಅದೇ ಮೊದಲು.

ನಾವು ಮೂವರಿಗೆ 250 ಗ್ರಾಂ ಪಾಸ್ತಾ ಸಾಕು. ದೊಡ್ಡ ಪಾತ್ರೇಲಿ ಎರಡೂವರೆ ಲೀಟರ್ ನೀರಿಡ್ತೀನಿ. ಅದು ಕುದಿಯೋದ್ರೊಳಗೆ ಅಮ್ಮ ಕೂತಲ್ಲೇ ಎರಡು ಕ್ಯಾರೆಟ್, ಒಂದು ಹಿಡಿ ಬೀನ್ಸ್, ಒಂದು ದಪ್ಪ ಮೆಣಸಿನಕಾಯಿ, ನಾಲ್ಕು ಟೊಮೆಟೊ ಹೆಚ್ಚಿ ಕೊಡ್ತಾಳೆ. ಕುದಿಯೋ ನೀರಿಗೆ ಒಂದು ದೊಡ್ಡ ಚಮಚ ಉಪ್ಪು, ಆಮೇಲೆ ಪಾಸ್ತಾ. ಕೊನೆಯ ನಾಲ್ಕು ನಿಮಿಷ ಬೀನ್ಸ್, ಕ್ಯಾರೆಟ್ಟೂ ಅದೇ ನೀರಿಗೆ. ಪಕ್ಕದ ಒಲೆ ಮೇಲೆ ಬಾಣಲೇಲಿ ಮೂರು ಚಮಚ ಎಣ್ಣೆ, ಆರು ಎಸಳು ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಟೊಮೆಟೊ, ಚಿಟಿಕೆ ಉಪ್ಪು. ಟೊಮೆಟೊ ಕರಗೋವರೆಗೂ ಬಾಡಿಸಬೇಕು.

ಪ್ಯಾಕೆಟ್ ಮೇಲೆ ಹತ್ತು ನಿಮಿಷ ಅಂತಿದ್ರೆ ಎಂಟಕ್ಕೇ ಪಾಸ್ತಾ ಎತ್ತಿ ಬಾಣಲೆಗೆ ಹಾಕಿ, ಬೇಯಿಸಿದ ನೀರು ಒಂದು ಲೋಟ ಸೇರಿಸಿ. ಇನ್ನೆರಡು ನಿಮಿಷ ದೊಡ್ಡ ಉರಿಯಲ್ಲಿ ಕೈಯಾಡಿಸಿದ್ರೆ ಆಯ್ತು. ಪಾಸ್ತಾ ಬಿಟ್ಟ ಗಂಜಿ ಆ ನೀರಲ್ಲಿರುತ್ತೆ. ಎಣ್ಣೆ, ಟೊಮೆಟೊ ರಸ ಎರಡನ್ನೂ ಬೆಸೆದು ಪಾಸ್ತಾಗೆ ಅಂಟಿಸೋದು ಅದೇ. ಆದ್ದರಿಂದ ಬೆಂದ ಪಾಸ್ತಾವನ್ನ ನಲ್ಲಿ ಕೆಳಗೆ ತೊಳೀಬೇಡಿ. ಇದನ್ನ ಅಮ್ಮನಿಗೆ ಎರಡನೇ ಸಲ ಹೇಳಬೇಕಾಗ್ಲಿಲ್ಲ. ಅನ್ನ ಬಸಿದ ಗಂಜಿಗೆ ಉಪ್ಪು ಬೆರೆಸಿ ಕುಡಿದು ಬೆಳೆದವಳು ಅವಳು.

ಇಷ್ಟೂ ಸೇರಿ ಅರ್ಧ ಗಂಟೆ. ಆದ್ರೆ ನನಗೆ ಪಾಸ್ತಾದ ದೊಡ್ಡ ಗುಣ ಅಂತ ಅನ್ನಿಸೋದೇ ಬೇರೆ. ಅದು ಕಾಯಲ್ಲ. ಆರಿದ್ರೆ ಒಂದಕ್ಕೊಂದು ಅಂಟ್ಕೊಂಡು ಮುದ್ದೆಯಾಗುತ್ತೆ. ಹಾಗಾಗಿ "ನೀವು ತಿನ್ನಿ, ನಾನು ಆಮೇಲೆ" ಅನ್ನೋ ಮಾತು ಬುಧವಾರ ನಡೆಯಲ್ಲ. ಮೂರು ತಟ್ಟೆ ಒಟ್ಟಿಗೇ ಹಾಕ್ತೀನಿ, ಮೊದಲ ತಟ್ಟೆ ಅಮ್ಮಂಗೆ. ಒಂದು ಬುಧವಾರ ತಟ್ಟೆ ಖಾಲಿ ಮಾಡಿ, "ಇನ್ನೊಂಚೂರು ಹಾಕು" ಅಂದಳು. ಆಮೇಲೆ ತಾನೇ, "ನಿಮ್ಮಪ್ಪ ಇದ್ದಿದ್ರೆ ಸಾರೆಲ್ಲಿ ಅಂತ ಕೇಳೋರು" ಅಂತ ನಕ್ಕಳು. ಅಪ್ಪನ ಹೆಸರೆತ್ತಿ ಅವಳು ನಕ್ಕಿದ್ದು ಅವತ್ತೇ ಮೊದಲು.

ನಿಮ್ಮನೇಲೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣೋರು ಒಬ್ಬರು ಇದ್ರೆ, ಅವರಿಗೆ ಬಾರದ ಒಂದು ಅಡುಗೆ ನೀವು ಕಲೀರಿ. ಅವರ ಸಾರಿಗಿಂತ ಚೆನ್ನಾಗಿರಬೇಕು ಅಂತೇನಿಲ್ಲ. ಅವರು ಕೂತು ಉಂಡ್ರೆ ಸಾಕು.

ಈ ವಾರ ಮಂಗಳವಾರವೇ ಅಮ್ಮ "ನಾಳೆಗೆ ಬೆಳ್ಳುಳ್ಳಿ ಸುಲಿದಿಡ್ಲೇನೇ? ಆ ಟೊಮೆಟೊಗೆ ಒಂಚೂರು ಮೆಣಸಿನ ಪುಡಿ ಉದುರಿಸಿದ್ರೆ ಹೆಂಗೆ?" ಅಂದಳು. ಅವಳು ಇದನ್ನೂ ಪೂರ್ತಿ ಕಲಿಯೋದ್ರೊಳಗೆ ನಾನು ಇನ್ನೊಂದು ಅಡುಗೆ ಹುಡುಕಬೇಕು.